ಆರೋಪಿಸದ ಕೃತ್ಯಗಳ ಸಾಕ್ಷ್ಯವೂ ಜೂರಿಗೆ ಕೊಡತಕ್ಕ ನಿರ್ದೇಶವೂ

ಒಬ್ಬನು ಒಂದು ಅಪರಾಧಕ್ಕಾಗಿ ವಿಚಾರಣೆಗೆ ಗುರಿಯಾಗಿರುವಾಗ, ಆರೋಪಪತ್ರದಲ್ಲಿ ಹೇಳದ ಅವನ ಬೇರೆ ದುಷ್ಕೃತ್ಯಗಳನ್ನು ಜೂರಿಯ ಮುಂದಿಡಬಹುದೆ ಎಂಬುದು ಇಂಗ್ಲಿಷ್ ನ್ಯಾಯಪದ್ಧತಿಯ ಹಳೆಯ ಪ್ರಶ್ನೆ. ಇಂತಹ ಸಾಕ್ಷ್ಯದಿಂದ ಎರಡು ಬಗೆಯ ತರ್ಕ ಹೊರಡುತ್ತದೆ. ‘ಇವನು ಕೆಟ್ಟವನು, ಆದುದರಿಂದ ಇದನ್ನೂ ಇವನೇ ಮಾಡಿರಬೇಕು’ ಎಂಬುದು ಒಂದು. ‘ಇಂತಹ ಘಟನೆ ಒಬ್ಬನ ಬಾಳಿನಲ್ಲಿ ಮೇಲಿಂದ ಮೇಲೆ ಆಕಸ್ಮಿಕವಾಗಿ ಒದಗಲಾರದು’ ಎಂಬುದು ಇನ್ನೊಂದು. ಮೊದಲನೆಯದು ಮನುಷ್ಯನ ಶೀಲವನ್ನು ದಂಡಿಸುತ್ತದೆ. ಎರಡನೆಯದು ಕೃತ್ಯವನ್ನು ಪರೀಕ್ಷಿಸುತ್ತದೆ. ನ್ಯೂ ಸೌತ್ ವೇಲ್ಸಿನಿಂದ ಬಂದ ಮೇಕಿನ್ ದಂಪತಿಗಳ ಮೊಕದ್ದಮೆಯಲ್ಲಿ, 1893ರಲ್ಲಿ, ಪ್ರಿವಿ ಕೌನ್ಸಿಲಿನ ಪರವಾಗಿ ಲಾರ್ಡ್ ಹರ್ಷೆಲನು ಮೊದಲನೆಯದನ್ನು ನಿಷೇಧಿಸಿ ಎರಡನೆಯದಕ್ಕೆ ಎಡೆಗೊಟ್ಟನು.

ಈ ಭೇದವು ಶಾಸ್ತ್ರದಲ್ಲಿ ಸ್ಪಷ್ಟವಾದರೂ ವ್ಯವಹಾರದಲ್ಲಿ ಕಾಪಾಡುವುದು ಕಷ್ಟ. ಒಂದೇ ಸಾಕ್ಷ್ಯವು ಒಂದೇ ಮನಸ್ಸಿನಲ್ಲಿ ಎರಡು ತರ್ಕಗಳನ್ನೂ ಎಬ್ಬಿಸುತ್ತದೆ. ಜೂರಿಯವರಾದರೋ ತಮ್ಮ ನಿರ್ಣಯಕ್ಕೆ ಕಾರಣಗಳನ್ನು ಹೇಳತಕ್ಕವರಲ್ಲ. ಹೀಗಿರಲು ಅವರು ಯಾವ ದಾರಿಯಿಂದ ನಿರ್ಣಯಕ್ಕೆ ಬಂದರೆಂಬುದನ್ನು ಅಪೀಲು ನ್ಯಾಯಸ್ಥಾನವು ನೇರಾಗಿ ಅರಿಯಲಾರದು. ವಿಚಾರಣೆ ನಡೆಸಿದ ನ್ಯಾಯಾಧೀಶನು ಅವರಿಗೆ ಯಾವ ದಾರಿಯನ್ನು ತೋರಿಸಿದನು, ಯಾವುದನ್ನು ಮುಚ್ಚಿದನು ಎಂಬುದಷ್ಟೇ ಬರಹದಲ್ಲಿ ಉಳಿಯುತ್ತದೆ. ಅಪೀಲಿನಲ್ಲಿ ಅವನ ನಿರ್ದೇಶದ ಒಂದೊಂದು ಮಾತನ್ನೂ ತೂಗಿ ನೋಡುವುದು ಈ ಕಾರಣದಿಂದಲೇ.

1915ರ ಸ್ಮಿತ್ ಮೊಕದ್ದಮೆ ಇದಕ್ಕೆ ಉತ್ತಮ ನಿದರ್ಶನ. ಜಾರ್ಜ್ ಜೋಸೆಫ್ ಸ್ಮಿತನ ಮೇಲೆ ವಿಚಾರಣೆಗೆ ಬಂದದ್ದು ಬೆಸ್ಸಿ ಮಂಡಿ ಎಂಬಾಕೆಯ ಕೊಲೆಯೊಂದೇ. ಆಕೆ 1912ರಲ್ಲಿ ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದಳು. ಅವನನ್ನು ವರಿಸಿದ್ದ ಬೇರೆ ಇಬ್ಬರು ಸ್ತ್ರೀಯರೂ 1913 ಮತ್ತು 1914ರಲ್ಲಿ ಹಾಗೆಯೇ ಸತ್ತಿದ್ದರೆಂಬ ಸಾಕ್ಷ್ಯಕ್ಕೆ ಅವಕಾಶ ದೊರೆಯಿತು. ಆದರೆ ತಾವು ಆ ಇಬ್ಬರ ಕೊಲೆಯನ್ನು ನಿರ್ಣಯಿಸುತ್ತಿಲ್ಲವೆಂಬುದನ್ನು ಮರೆಯಕೂಡದೆಂದು ನ್ಯಾಯಾಧೀಶ ಸ್ಕ್ರಟನ್ನನು ಜೂರಿಗೆ ಎಚ್ಚರಿಕೆ ಕೊಟ್ಟನು. ಅಪೀಲನ್ನು ತಳ್ಳಿಹಾಕುವಾಗ ಮೇಲಿನ ನ್ಯಾಯಸ್ಥಾನವು ಈ ಎಚ್ಚರಿಕೆಯನ್ನು ವಿಶೇಷವಾಗಿ ಗಮನಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಸ್ಮಿತನನ್ನು ಗಲ್ಲಿಗೇರಿಸಲಾಯಿತು.

ಆರೋಪಿಸದ ಕೃತ್ಯವನ್ನೂ ಸಂಶಯಾತೀತವಾಗಿ ಸಿದ್ಧಪಡಿಸಬೇಕೆ ಎಂಬುದು ತರುವಾಯ ಎದ್ದ ಪ್ರಶ್ನೆ. 2008ರ ಎಚ್.ಎಂ.ಎಲ್. ಮೊಕದ್ದಮೆಯಲ್ಲಿ ಆಸ್ಟ್ರೇಲಿಯದ ಹೈಕೋರ್ಟಿನ ನ್ಯಾಯಾಧೀಶರು ಇದಕ್ಕೆ ಏಕಸ್ವರದಿಂದ ಉತ್ತರ ಹೇಳಲಿಲ್ಲ. 2018ರ ಬಾವರ್ ಮೊಕದ್ದಮೆಯಲ್ಲಿ, ಏಕರೂಪದ ಸಾಕ್ಷ್ಯಶಾಸನವಿರುವ ಪ್ರಾಂತಗಳ ಮಟ್ಟಿಗೆ, ಅದೇ ನ್ಯಾಯಸ್ಥಾನವು ವಿಷಯವನ್ನು ಇತ್ಯರ್ಥಗೊಳಿಸಿತು: ಸಾಮಾನ್ಯವಾಗಿ ಅಂತಹ ನಿರ್ದೇಶ ಬೇಕಿಲ್ಲ, ಜೂರಿಯು ಆ ಕೃತ್ಯವನ್ನು ತನ್ನ ತರ್ಕಸರಪಣಿಯ ಅನಿವಾರ್ಯವಾದ ಕೊಂಡಿಯಾಗಿ ಭಾವಿಸುವ ಗಣನೀಯ ಸಂಭವವಿದ್ದರೆ ಮಾತ್ರ ಬೇಕು. ಆರೋಪಿಸಿದ ಅಪರಾಧವಾದರೋ ಯಾವಾಗಲೂ ಸಂಶಯಾತೀತವಾಗಿಯೇ ಸಿದ್ಧವಾಗತಕ್ಕದ್ದು.

ಆದಕಾರಣ ಯುಕ್ತವಾದ ನಿರ್ದೇಶವು ಮೂರು ಅಂಶಗಳನ್ನು ತಿಳಿಸಬೇಕು: ಸಾಕ್ಷ್ಯವು ಯಾವ ಅಂಶವನ್ನು ತೋರಿಸಲು ಬಂದಿದೆ, ಯಾವುದಕ್ಕೆ ಅದನ್ನು ಬಳಸಕೂಡದು, ತೀರ್ಮಾನಿಸಬೇಕಾದ ಆರೋಪ ಯಾವುದು. ಮಾತು ತಪ್ಪಿದರೆ ನಿರಪರಾಧಿಯು ತನ್ನ ಹಳೆಯ ಶೀಲಕ್ಕಾಗಿ ಶಿಕ್ಷೆ ಅನುಭವಿಸಬಹುದು. ತಪ್ಪು ಅಪೀಲಿನಲ್ಲಿ ಹೊರಬಿದ್ದು ಮರುವಿಚಾರಣೆಗೆ ಆಜ್ಞೆಯಾದರೆ, ನೊಂದವರು ಮತ್ತೊಮ್ಮೆ ಕಟಕಟೆಯಲ್ಲಿ ನಿಂತು ತಮ್ಮ ನೋವನ್ನು ಹೇಳಬೇಕಾಗಬಹುದು. ನಿರ್ದೇಶದಲ್ಲಿನ ಒಂದು ವಾಕ್ಯದ ಅಸ್ಪಷ್ಟತೆಗೆ ತೆರಬೇಕಾದ ಬೆಲೆ ಇಷ್ಟು ದೊಡ್ಡದು.