ಪುನ್ನಮಡದಲ್ಲಿ ಮತ್ತೆ ಎದ್ದ ಹೆಡೆ

ಚುಂಡನ್ ವಳ್ಳದಲ್ಲಿ, ಅಂದರೆ ಹಾವುದೋಣಿಯಲ್ಲಿ, ಭುಜಕ್ಕೆ ಭುಜ ತಾಗುತ್ತದೆ. ನೂರಡಿ ಮೀರಿದ ಆ ದೋಣಿಯಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಜೋಡಿ ಜೋಡಿಯಾಗಿ ಕೂತು ಹುಟ್ಟು ಹಾಕುತ್ತಾರೆ. ನಡುವೆ ನಿಂತವರು ಒನಕೆಯಂಥ ಕೋಲಿನಿಂದ ಹಲಗೆ ಗುದ್ದಿ ತಾಳ ಕೊಡುತ್ತಾರೆ. ಎಲ್ಲರ ಬಾಯಲ್ಲೂ ವಂಚಿಪ್ಪಾಟ್ಟು, ಅಂದರೆ ದೋಣಿಯ ಹಾಡು. ಆರಡಿ ದೂರ ನಿಲ್ಲಿ, ಬಾಯಿ ಮುಚ್ಚಿಕೊಳ್ಳಿ ಎಂದ ಕಾಲಕ್ಕೆ ಇದಕ್ಕಿಂತ ಒಗ್ಗದ ಆಟ ಇನ್ನೊಂದಿರಲಾರದು.

ಕೇರಳದ ಆಲಪ್ಪುಳಕ್ಕೆ ಕೋವಿಡ್ ಬಂದದ್ದೂ ಬೇಗ. ದೇಶದ ಎರಡನೆಯ ಪ್ರಕರಣ ದೃಢಪಟ್ಟದ್ದು ಅಲ್ಲಿಯೇ, 2020ರ ಫೆಬ್ರವರಿಯಲ್ಲಿ. ಆ ವರ್ಷವೂ ಮರುವರ್ಷವೂ ಅಲ್ಲಿನ ಪುನ್ನಮಡ ಹಿನ್ನೀರಿನಲ್ಲಿ ನೆಹರು ಟ್ರೋಫಿ ದೋಣಿ ಪಂದ್ಯ ನಡೆಯಲಿಲ್ಲ. ಅದಕ್ಕೂ ಮುನ್ನ ಎರಡು ವರ್ಷ ನೆರೆಯ ಕಾಟ: ಆಗಸ್ಟಿನ ಎರಡನೆಯ ಶನಿವಾರ ನಡೆಯಬೇಕಿದ್ದ ಪಂದ್ಯ 2018ರಲ್ಲಿ ನವೆಂಬರಿಗೆ, 2019ರಲ್ಲಿ ಆಗಸ್ಟ್ ಕೊನೆಗೆ ಜಾರಿತ್ತು. ನೀರನ್ನೇ ನಂಬಿದ ಕುಟ್ಟನಾಡು ಎಂಬ ಈ ಸೀಮೆಗೆ ಮೊದಲು ನೀರು ಅಡ್ಡ ಬಂತು, ಆಮೇಲೆ ಉಸಿರು.

ಟ್ರೋಫಿಯ ಹುಟ್ಟು 1952ರ ಡಿಸೆಂಬರಿನದು. ಪ್ರಧಾನಿ ನೆಹರು ಅವರಿಗಾಗಿ ಚುಂಡನ್‌ಗಳ ಪಂದ್ಯ ಏರ್ಪಟ್ಟಿತ್ತು. ಗೆದ್ದ ನಡುಭಾಗಂ ದೋಣಿಯೊಳಕ್ಕೆ ಅವರು ಭದ್ರತೆಯವರನ್ನೂ ಲೆಕ್ಕಿಸದೆ ಜಿಗಿದೇಬಿಟ್ಟರು. ದೆಹಲಿಗೆ ಮರಳಿದ ಮೇಲೆ ತಮ್ಮ ಸಹಿಯಿರುವ, ದೋಣಿಯದೇ ರೂಪದ ಬೆಳ್ಳಿ ಟ್ರೋಫಿ ಕಳಿಸಿದರು. ಅದೇ ನಡುಭಾಗಂ ಮತ್ತೆ ಗೆಲ್ಲಲು 67 ವರ್ಷ ಕಾಯಬೇಕಾಯಿತು. 2019ರಲ್ಲಿ ಗೆದ್ದಿತು, ಬೆನ್ನಿಗೇ ಪಂದ್ಯ ನಿಂತುಹೋಯಿತು.

ಚುಂಡನ್ ಕಟ್ಟುವುದು ಆಞಿಲಿ ಮರದಲ್ಲಿ. ನಮ್ಮ ಮಲೆನಾಡಿನವರು ಹೆಬ್ಬಲಸು ಎನ್ನುವ ಮರವೇ ಅದು. ಹಿಂಬದಿಯ ಅಮರಂ ನೀರಿನಿಂದ ಸುಮಾರು 20 ಅಡಿ ಎತ್ತರಕ್ಕೆ ಹೆಡೆಯಂತೆ ಏಳುತ್ತದೆ. ದೊಡ್ಡ ಹುಟ್ಟು ಹಿಡಿದು ಅಲ್ಲಿ ನಿಂತವರೇ ದೋಣಿಯ ದಿಕ್ಕು ತಿದ್ದುವವರು. ಚೆಂಬಕಶ್ಶೇರಿಯ ಅರಸನಿಗಾಗಿ ಯುದ್ಧದೋಣಿಯಾಗಿ ಹುಟ್ಟಿದ್ದು ಇದು ಎಂದು ಐತಿಹ್ಯ. ಮೈಗೆ ಮೀನೆಣ್ಣೆ ಸವರಿ ನುಣುಪು ಕಾಯುವುದು ಹಳೆಯ ಪದ್ಧತಿ. ಬಳಸದೆ ಬಿಟ್ಟರೆ ಮರ ಒಣಗುತ್ತದೆ, ಸಂದು ಬಿಡುತ್ತದೆ.

ಮರವನ್ನಾದರೂ ಬಡಗಿ ಸರಿಮಾಡಿಯಾನು. ತಾಳವನ್ನು ರಿಪೇರಿ ಮಾಡುವವರು ಯಾರು? ದೋಣಿ ಸಾಮಾನ್ಯವಾಗಿ ಒಂದು ಊರಿನದು, ಜನರ ಪಾಲು ಮತ್ತು ವಂತಿಗೆಯಿಂದ ಆದದ್ದು. ಓಡಿಸುವುದು ಬೋಟ್ ಕ್ಲಬ್. ಪಂದ್ಯಕ್ಕೆ ಮೊದಲು ವಾರಗಟ್ಟಲೆ ಒಂದೇ ಕಡೆ ಉಂಡು, ಮಲಗಿ, ಬೆಳಿಗ್ಗೆ ಸಂಜೆ ನೀರಿಗಿಳಿದಾಗಷ್ಟೇ ಅಷ್ಟೂ ಹುಟ್ಟುಗಳು ಒಂದೇ ಗಳಿಗೆಯಲ್ಲಿ ನೀರು ಸೀಳುತ್ತವೆ. ಒಬ್ಬ ತಪ್ಪಿದರೆ ಅವನ ಹುಟ್ಟು ಪಕ್ಕದವನಿಗೆ ಬಡಿಯುತ್ತದೆ. ಇಂಥ ಕಲಿಕೆಯನ್ನು ಮನೆಯಲ್ಲಿ ಒಬ್ಬನೇ ಕೂತು ಉಳಿಸಿಕೊಳ್ಳಲಾಗದು. ಪಂದ್ಯವಿಲ್ಲದ ಆ ಎರಡು ವರ್ಷಗಳ ನಿಜವಾದ ನಷ್ಟ ಇದೇ ಎಂದು ನನಗನಿಸುತ್ತದೆ.

ಪಂದ್ಯ ಮರಳಿದ್ದು 2022ರ ಸೆಪ್ಟೆಂಬರ್ 4ರಂದು, ಓಣಂಗೆ ನಾಲ್ಕು ದಿನ ಮೊದಲಿನ ಭಾನುವಾರ. ಇಪ್ಪತ್ತು ಚುಂಡನ್‌ಗಳು ಕಣಕ್ಕಿಳಿದವು; ಚಿಕ್ಕ ದೋಣಿಗಳು ಬೇರೆ, ಹೆಂಗಸರು ಓಡಿಸುವ ತೆಕ್ಕನೋಡಿಗಳೂ ಇದ್ದವು. ದಡದಿಂದ ‘ಆರ್ಪ್ಪೋ’ ಎಂಬ ಕೂಗಿಗೆ ‘ಇರ್ರೋ’ ಎಂಬ ಮಾರುತ್ತರ ಮರಳಿ ಕೇಳಿತು. ಮಹಾದೇವಿಕ್ಕಾಡ್ ಕಾಟ್ಟಿಲ್ ತೆಕ್ಕೇದಿಲ್ ಚುಂಡನ್ 4 ನಿಮಿಷ 30.77 ಸೆಕೆಂಡಿನಲ್ಲಿ ಗುರಿ ಮುಟ್ಟಿತು. ಓಡಿಸಿದವರು ಪಳ್ಳಾತುರುತ್ತಿ ಬೋಟ್ ಕ್ಲಬ್‌ನವರು. 2018ರಲ್ಲಿ ಪಾಯಿಪ್ಪಾಡನ್, 2019ರಲ್ಲಿ ನಡುಭಾಗಂ, ಈಗ ಇದು: ಮೂರು ದೋಣಿ, ಒಂದೇ ಕ್ಲಬ್, ಸಾಲಾಗಿ ಮೂರು ಗೆಲುವು. ನಡುವಿನ ಎರಡು ವರ್ಷಗಳ ಮೌನ ಅವರ ತಾಳ ಕೆಡಿಸಲಿಲ್ಲ. ಅದನ್ನು ಅವರು ಹೇಗೆ ಕಾಪಾಡಿಕೊಂಡರು ಎಂಬುದೇ ನನಗೆ ಟ್ರೋಫಿಗಿಂತ ದೊಡ್ಡ ಬೆರಗು.

ಅಂದು ಸಂಜೆ ದೋಣಿಗಳಿಗೆ ವಿಶ್ರಾಂತಿಯೂ ಇರಲಿಲ್ಲ. 2019ರಲ್ಲಿ ಆರಂಭವಾಗಿ ನಿಂತುಹೋಗಿದ್ದ ಚಾಂಪಿಯನ್ಸ್ ಬೋಟ್ ಲೀಗ್ ಅದೇ ಪಂದ್ಯದಿಂದ ಮತ್ತೆ ಶುರುವಾಗಿತ್ತು. ಆಯ್ದ ಒಂಬತ್ತು ತಂಡಗಳು ಊರಿಂದೂರಿಗೆ ಹುಟ್ಟು ಹಾಕುತ್ತಾ, ನವೆಂಬರ್ 26ಕ್ಕೆ ಕೊಲ್ಲಂನ ಅಷ್ಟಮುಡಿ ತಲುಪಬೇಕಿತ್ತು.