ಇನ್ಸುಲಿನ್ ಚುಚ್ಚಿದ ಮೇಲೆ ಊಟ ಯಾವಾಗ?

ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು, ‘ದಾವಣಗೆರೆಗೆ ಹೋಗಿ ತಿಂಡಿ ತಿಂದರಾಯಿತು’ ಎಂದು ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಬಸ್ಸು ಹತ್ತುವವರಿದ್ದಾರೆ. ದಾರಿಯಲ್ಲೇ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆಗಟ್ಟಿದರೆ ಅದು ಬಸ್ಸಿನ ಆಯಾಸವಲ್ಲ, ರಕ್ತದಲ್ಲಿ ಸಕ್ಕರೆ ಕುಸಿದಿರುವುದರ ಲಕ್ಷಣ. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು.

ಇನ್ಸುಲಿನ್ ಎಂಬುದು ಒಂದೇ ಔಷಧಿಯಲ್ಲ. ನೀರಿನಂತೆ ತಿಳಿಯಾಗಿರುವ ‘ರೆಗ್ಯುಲರ್’ ಇನ್ಸುಲಿನ್ ಸುಮಾರು ಅರ್ಧ ಗಂಟೆಯಲ್ಲಿ ಕೆಲಸ ಆರಂಭಿಸಿ 6ರಿಂದ 8 ಗಂಟೆ ಇರುತ್ತದೆ. ಹಾಲಿನಂತೆ ಬೆಳ್ಳಗಿರುವ ‘ಎನ್‌ಪಿಎಚ್’ ನಿಧಾನಿ. 12 ಗಂಟೆಗೂ ಹೆಚ್ಚು ಕಾಲ ಕೆಲಸ ಮಾಡುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 30/70 ಇವೆರಡರ ಮಿಶ್ರಣ. ಸೀಸೆಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಬೆಳಿಗ್ಗೆ ಚುಚ್ಚಿದ 30/70ರಲ್ಲಿನ ಎನ್‌ಪಿಎಚ್ ಮಧ್ಯಾಹ್ನದ ಹೊತ್ತಿಗೆ ಬಿರುಸಾಗುವುದರಿಂದ, ಚನ್ನಗಿರಿಯ ಅಡಿಕೆ ಕೊಯ್ಲಿರಲಿ, ಜಗಳೂರಿನ ಬಿತ್ತನೆಯಿರಲಿ, ಮಧ್ಯಾಹ್ನದ ಊಟ ತಪ್ಪಿಸುವಂತಿಲ್ಲ.

ಲಿಸ್ಪ್ರೊ, ಆಸ್ಪಾರ್ಟ್ ಎಂಬ ಹೊಸ ಬಗೆಯವು 10-15 ನಿಮಿಷದಲ್ಲೇ ಕೆಲಸಕ್ಕೆ ತೊಡಗುತ್ತವೆ. ತಟ್ಟೆ ಮುಂದಿಟ್ಟುಕೊಂಡೇ ಇವನ್ನು ಚುಚ್ಚಿಕೊಳ್ಳುವುದು ಒಳ್ಳೆಯದು. ಗ್ಲಾರ್ಜಿನ್ ಇದಕ್ಕೆ ತದ್ವಿರುದ್ಧ. ಸುಮಾರು ಒಂದು ದಿನವಿಡೀ ಒಂದೇ ಸಮನೆ ಕೆಲಸ ಮಾಡುವ ಇದನ್ನು ಪ್ರತಿದಿನ ನಿಗದಿತ ವೇಳೆಗೆ ತೆಗೆದುಕೊಳ್ಳುತ್ತಾರೆ. ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಬಾರದು. ಇದೂ ತಿಳಿಯಾಗಿಯೇ ಇರುವುದರಿಂದ ‘ತಿಳಿಯಾದದ್ದು ಬೇಗ, ಬಿಳಿಯದು ನಿಧಾನ’ ಎಂಬ ಹಳೆಯ ಲೆಕ್ಕ ಈಗ ನಡೆಯದು. ಬಣ್ಣವನ್ನಲ್ಲ, ಹೆಸರನ್ನು ಓದಿ. ಅಕ್ಕಪಕ್ಕದವರ ಸೀಸೆಯನ್ನು ಎರವಲು ತರುವುದಂತೂ ಬೇಡವೇ ಬೇಡ.

ಸಿರಿಂಜಿನ ವಿಷಯದಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಗಳೂ ಇವೆ, 100 ಯೂನಿಟ್ ಇರುವವೂ ಇವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹ ಸೇರುವುದು 20 ಅಲ್ಲ, 50 ಯೂನಿಟ್! ಅಂಗಡಿಯಲ್ಲೇ ಎರಡನ್ನೂ ಹೋಲಿಸಿ ನೋಡಿ ಕೊಳ್ಳಿ.

ಬಳಸುತ್ತಿರುವ ಸೀಸೆಯನ್ನು ಬೇಸಿಗೆಯಲ್ಲಿ ಫ್ರಿಜ್ಜಿನ ಬಾಗಿಲಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೆರಳಿನಲ್ಲಿರುವ ನೀರಿನ ಮಣ್ಣಿನ ಮಡಕೆಯಲ್ಲಿಟ್ಟರೆ ನಡೆಯುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಕೆಗೆ ಬಾರದು.