ಮುಸುಕಿನ ಜೋಳದಿಂದ ಶುಂಠಿಯ ಬುಡಕ್ಕೆ

ಹುಣಸೂರಿನ ಗೊಬ್ಬರದಂಗಡಿಯಲ್ಲಿ ‘ನ್ಯಾನೋ’ ಎಂದು ಕೇಳಿದರೆ ಕೈಗೆ ಬರುವುದು ಅರ್ಧ ಲೀಟರಿನ ಯೂರಿಯಾ ಬಾಟಲಿ. ಇಫ್ಕೊ ಅದನ್ನು 2021ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಆಮೇಲೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ತಾಕುಗಳಲ್ಲಿ ಭತ್ತ, ಗೋಧಿಯ ಇಳುವರಿ ಇಳಿಯಿತೆಂಬ ಸುದ್ದಿಯೂ ಬಂತು. ಹಾಗಾಗಿ ನ್ಯಾನೋ ಎಂದರೆ ಇಲ್ಲಿ ಅರ್ಧ ನಂಬಿಕೆ, ಅರ್ಧ ನಗು. ನಾನು ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕು ಸುತ್ತಲು ಹೊರಟದ್ದು ಇನ್ನೊಂದು ಬಗೆಯ ನ್ಯಾನೋವನ್ನು ತಲೆಯಲ್ಲಿಟ್ಟುಕೊಂಡು. ಗಿಡದ ಪ್ರೋಟೀನಿನಿಂದ ಮಾಡಿದ ಸೂಕ್ಷ್ಮ ಕಣಗಳು ಅವು. ರೋಗಾಣು ಕೊಲ್ಲುವ ಔಷಧಿಯನ್ನು ಒಡಲಲ್ಲಿಟ್ಟುಕೊಂಡು ಹೋಗಿ, ಬೇಕಾದ ಕಡೆ ನಿಧಾನವಾಗಿ ಬಿಡುವುದು ಅವುಗಳ ಕೆಲಸ. ಅಂಥ ಕಣ ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಬೇಕಾದ ಪ್ರೋಟೀನು ಮಾತ್ರ ಇಲ್ಲೇ ಬೆಳೆಯುತ್ತದೆ, ಅದು ಎದುರಿಸಬೇಕಾದ ರೋಗವೂ ಇಲ್ಲೇ ಇದೆ.

ಮೊದಲು ಕೆ.ಆರ್. ನಗರ, ಹಳೆಯ ಎಡತೊರೆ. ಕಾವೇರಿ ನಾಲೆಗೆ ನೀರು ಬಿಟ್ಟ ಮೇಲೆ ಇದು ಭತ್ತದ ಸೀಮೆ. ಪೈರು ತುಸು ಮೇಲೆದ್ದ ಮೇಲೆ ಜಡಿಮಳೆ, ಗಾಳಿ ಸೇರಿದರೆ ಎಲೆಯಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ದುಂಡಾಣು ಎಲೆ ಅಂಗಮಾರಿ ರೋಗ ಅದು. ಅದಕ್ಕೆ ಅಂಗಡಿಯವರು ಕೊಡುತ್ತ ಬಂದದ್ದು ಸ್ಟ್ರೆಪ್ಟೋಸೈಕ್ಲಿನ್‌ನ ಸಣ್ಣ ಪೊಟ್ಟಣ, ಜೊತೆಗೆ ತಾಮ್ರದ ಸಿಒಸಿ (ಕಾಪರ್ ಆಕ್ಸಿಕ್ಲೋರೈಡ್). ಪೊಟ್ಟಣದೊಳಗೆ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೋಮೈಸಿನ್ ಎಂದರೆ ಮನುಷ್ಯರ ಕ್ಷಯಕ್ಕೆ ಕೊಟ್ಟ ಮೊದಲ ಆಂಟಿಬಯಾಟಿಕ್. ಗದ್ದೆಗೆ ಹೊಡೆದದ್ದರಲ್ಲಿ ಎಲೆಗೆ ಅಂಟುವುದು ಅಷ್ಟಿಷ್ಟು, ಉಳಿದದ್ದು ಗದ್ದೆಯಿಂದ ಗದ್ದೆಗೆ ಇಳಿದು ಕಾಲುವೆ ಸೇರುತ್ತದೆ. ಕಡಿಮೆ ಪ್ರಮಾಣದಲ್ಲಿ, ಎಲ್ಲೆಂದರಲ್ಲಿ ಸಿಗುವ ಆಂಟಿಬಯಾಟಿಕ್ಕಿಗೆ ದುಂಡಾಣುಗಳು ಬೇಗ ಒಗ್ಗಿಕೊಳ್ಳುತ್ತವೆ. ಬೆಳೆಗಳಿಗೆ ಇದರ ಬಳಕೆ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಔಷಧಿಯ ಗುಣದಷ್ಟೇ ಅದನ್ನು ತಲುಪಿಸುವ ಬಗೆಯೂ ಮುಖ್ಯ ಎಂಬುದಕ್ಕೆ ಈ ಗದ್ದೆಬಯಲಿಗಿಂತ ಬೇರೆ ಸಾಕ್ಷಿ ಬೇಡ.

ಹುಣಸೂರಿನ ಕಡೆ ತಿರುಗಿದರೆ ಮಣ್ಣು ಕೆಂಪಾಗುತ್ತದೆ, ನೀರು ಹಿಂದೆ ಉಳಿಯುತ್ತದೆ. ರಸ್ತೆಯ ಎರಡೂ ಬದಿ ಹೊಗೆಸೊಪ್ಪು, ನಡುನಡುವೆ ಮುಸುಕಿನ ಜೋಳ. ಜೋಳ ಸೂಲಂಗಿ ಬಿಟ್ಟಿದೆ. ಈ ಹೊಲದ ಕಾಳು ಕೋಳಿ ಆಹಾರಕ್ಕೆ ಹೋಗುತ್ತದೆ, ಒಂದಷ್ಟು ಪಿಷ್ಟದ ಕಾರ್ಖಾನೆಗೆ. ಪಿಷ್ಟ ತೆಗೆದ ಮೇಲೆ ಉಳಿಯುವ ಹಳದಿ ಹಿಂಡಿಯಲ್ಲಿ ಹೆಚ್ಚುಕಮ್ಮಿ ಶೇ 60ರಷ್ಟು ಪ್ರೋಟೀನು. ಅದರ ದೊಡ್ಡ ಪಾಲು ‘ಝೀನ್’. ಅಮೆರಿಕದ ಜಾನ್ ಗೋರಮ್ 1821ರಲ್ಲೇ ಇದನ್ನು ಬೇರ್ಪಡಿಸಿ ಹೆಸರಿಟ್ಟ. ಝೀನ್ ವಿಚಿತ್ರ ಸ್ವಭಾವದ್ದು: ನೀರಿನಲ್ಲಿ ಕರಗದು, ಶೇ 70–80ರ ಆಲ್ಕೊಹಾಲಿನಲ್ಲಿ ಸಲೀಸಾಗಿ ಕರಗುತ್ತದೆ. ಮಾತ್ರೆಗಳಿಗೂ ಮಿಠಾಯಿಗಳಿಗೂ ಇದರ ಲೇಪ ಕೊಡುವುದು ಹಳೆಯ ರೂಢಿ, ಅಂದರೆ ತಿನ್ನಲು ಅಡ್ಡಿಯಿಲ್ಲದ ವಸ್ತು.

ಈ ಸ್ವಭಾವವೇ ಕಣ ಮಾಡುವ ಇಡೀ ವಿದ್ಯೆಯ ಬುನಾದಿ. ಝೀನ್ ಕರಗಿಸಿದ ಆಲ್ಕೊಹಾಲಿಗೆ ಅಜವಾನದ ಥೈಮಾಲ್ ಅಥವಾ ಲವಂಗದ ಯೂಜಿನಾಲ್ ಸೇರಿಸಿ, ಜೋರಾಗಿ ಕಲಕುತ್ತಿರುವ ನೀರಿಗೆ ಸಣ್ಣ ಧಾರೆಯಾಗಿ ಬಿಡಬೇಕು. ಫಿನಾಯಿಲು ಬಕೆಟ್ಟಿನ ನೀರಿಗೆ ಬಿದ್ದಾಗ ಆಗುವಂತೆ ದ್ರವ ಒಮ್ಮೆಲೇ ಹಾಲಾಗುತ್ತದೆ. ಆಲ್ಕೊಹಾಲು ನೀರಿಗೆ ಬೆರೆತು ಚದುರುತ್ತಲೇ ಝೀನ್ ನೀರಿಗೆ ಬೆದರಿ ಮುದುಡುತ್ತದೆ, ಎಣ್ಣೆಯಂಶವನ್ನು ಒಳಗೇ ಹಿಡಿದುಕೊಳ್ಳುತ್ತದೆ. ಹುಟ್ಟುವ ಕಣದ ಅಡ್ಡಳತೆ ಸುಮಾರು 100–200 ನ್ಯಾನೋಮೀಟರ್, ದುಂಡಾಣುವಿಗಿಂತ ಎಷ್ಟೋ ಚಿಕ್ಕದು. ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಕೂರದಂತೆ ಹಾಲಿನ ಕೇಸಿನ್ನನ್ನೋ ಕೈಟೊಸಾನನ್ನೋ ಹೊರಗೆ ಸವರುತ್ತಾರೆ.

ಇಷ್ಟೆಲ್ಲ ಏಕೆ? ಥೈಮಾಲ್, ಯೂಜಿನಾಲ್‌ಗಳು ಶಿಲೀಂಧ್ರ, ದುಂಡಾಣು ಎರಡನ್ನೂ ಕೊಲ್ಲಬಲ್ಲವು. ಅವುಗಳನ್ನು ಹಾಗೆಯೇ ಸುರಿದರೆ ಬಿಸಿಲಿಗೆ ಆವಿಯಾಗುತ್ತವೆ, ಸ್ವಲ್ಪ ಹೆಚ್ಚಾದರೆ ಎಳೆಯ ಬೇರನ್ನೇ ಸುಡುತ್ತವೆ. ಪ್ರೋಟೀನಿನೊಳಗಿದ್ದರೆ ಆವಿಯಾಗುವುದು, ಸುಡುವುದು ಎರಡೂ ತಗ್ಗುತ್ತವೆ. ಬ್ರೆಜಿಲ್ಲಿನ ಸೊರೊಕಾಬಾದಲ್ಲಿ ಲಿಯೊನಾರ್ಡೊ ಫ್ರಾಸೆಟೊ ಅವರ ತಂಡ ನಮ್ಮ ಬೇವಿನೆಣ್ಣೆಯನ್ನೇ ಝೀನ್ ಕಣಗಳಲ್ಲಿ ತುಂಬಿ ಪರೀಕ್ಷಿಸಿದೆ. ಬೇವು ನಮ್ಮದು, ಜೋಳವೂ ನಮ್ಮಲ್ಲಿದೆ, ಪ್ರಯೋಗ ಮಾತ್ರ ಅವರದು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ಚೆಲುವಾಂಬ ಅರಮನೆಯಲ್ಲಿದೆ, ಕಡಲೆಕಾಯಿ ಹಿಂಡಿಯ ಪ್ರೋಟೀನನ್ನು ಮಕ್ಕಳ ಆಹಾರಕ್ಕೆ ತಂದ ಸಂಸ್ಥೆ ಅದು. ಗಿಡದ ಪ್ರೋಟೀನು ಬಲ್ಲವರು ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ಇದ್ದಾರೆ ಎಂಬುದನ್ನು ನೆನಪಿಸಲಷ್ಟೇ ಈ ಮಾತು.

ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನದೇ ರಾಜ್ಯ. ಸೊಪ್ಪು ಹದ ಮಾಡುವ ಬ್ಯಾರನ್‌ಗಳ ಸುತ್ತ ಸೌದೆ ಒಟ್ಟಿದೆ. ಸಸಿಮಡಿಯ ಕಾಲ ಮುಗಿದಿದೆ, ತೆಂಗಿನ ನಾರಿನ ಪುಡಿ ತುಂಬಿದ್ದ ಟ್ರೇಗಳು ಜಗಲಿಯ ಮೂಲೆ ಸೇರಿವೆ. ಸಸಿ ಕೊಳೆಸುವ ಪಿಥಿಯಂ, ಬೇರಿಗೆ ಗಂಟು ಕಟ್ಟುವ ಜಂತುಹುಳು, ಎಲೆ ಕೆಡಿಸುವ ಮೊಸಾಯಿಕ್ ವೈರಸ್: ಬೆಳೆಗಾರರು ಹೆದರುವ ಶತ್ರುಗಳಿವು. ಇವುಗಳಲ್ಲಿ ಕೊನೆಯದು ನನ್ನ ವಿಷಯಕ್ಕೆ ಬೇರೆಯದೇ ಬಾಗಿಲು ತೆರೆಯಿತು. ಮೊಸಾಯಿಕ್ ವೈರಸ್ಸೇ ಪ್ರಕೃತಿ ಮಾಡಿಟ್ಟ ಪ್ರೋಟೀನು ನ್ಯಾನೋಕಣ. 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪದ ಕೊಳವೆ. 2130 ಪ್ರೋಟೀನು ತುಣುಕುಗಳು ಸುರುಳಿಯಾಗಿ ಕೂತಿರುತ್ತವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ನಿಕೋಲ್ ಸ್ಟೈನ್ಮೆಟ್ಸ್ ಅವರ ಪ್ರಯೋಗಾಲಯ ಇದರದೇ ದಾಯಾದಿ ವೈರಸ್ಸೊಂದಕ್ಕೆ ಜಂತುನಾಶಕ ಹೊರಿಸಿ ಮಣ್ಣಿನ ಆಳಕ್ಕೆ ಇಳಿಸುವ ಕೆಲಸ ಮಾಡುತ್ತಿದೆ. ಸಾಮಾನ್ಯ ಔಷಧಿ ಮೇಲ್ಮಣ್ಣಿಗೇ ಅಂಟಿ ನಿಲ್ಲುತ್ತದೆ, ಈ ಕೊಳವೆ ಬೇರಿನವರೆಗೆ ಜಾರುತ್ತದೆ ಎಂಬುದು ಅವರ ಲೆಕ್ಕ. ವೈರಸ್ಸನ್ನು ನಿಷ್ಕ್ರಿಯಗೊಳಿಸುವ ವಿಧಾನವನ್ನೂ ಅವರು ತೋರಿಸಿದ್ದಾರೆ. ಆದರೂ ಹೊಗೆಸೊಪ್ಪಿನ ಸೀಮೆಯಲ್ಲಿ ಇದನ್ನು ತಂದು ಸುರಿಯಿರಿ ಎಂದು ನಾನಂತೂ ಹೇಳಲಾರೆ. ಕೂಳೆಯಲ್ಲೂ ಕೆಲಸದವರ ಕೈಯಲ್ಲೂ ಉಳಿದು ಹರಡುವ ಕುಲ ಅದು.

ಹಾಗಾಗಿ ನನ್ನ ಪಕ್ಷಪಾತ ಜೋಳದ ಝೀನ್ ಕಡೆಗೆ, ಅದನ್ನು ಪರೀಕ್ಷಿಸುವ ಜಾಗ ಎಚ್.ಡಿ. ಕೋಟೆ. ಇಲ್ಲಿ ಶುಂಠಿಯೆಂದರೆ ಜೂಜು. ಕೇರಳದಿಂದ ಬಂದು ಜಮೀನು ಗುತ್ತಿಗೆ ಹಿಡಿದವರೂ, ಅವರನ್ನು ನೋಡಿ ಕಲಿತ ಊರವರೂ 60 ಕೆ.ಜಿ. ಚೀಲದ ದರದ ಮೇಲೆ ಕಣ್ಣಿಟ್ಟು ಬದುಕುತ್ತಾರೆ. ಮಳೆ ಹಿಡಿದು ಏರುಮಡಿಯ ಬುಡದಲ್ಲಿ ನೀರು ನಿಂತರೆ ಕೊಳೆ ರೋಗ ಶುರು. ಪಿಥಿಯಂ ಆದರೆ ಕಾಂಡ ಹಿಡಿದೆಳೆದರೆ ಕಿತ್ತೇ ಬರುತ್ತದೆ, ದುಂಡಾಣು ಸೊರಗು ಆದರೆ ಗೆಡ್ಡೆ ಒತ್ತಿದಾಗ ಹಾಲಿನಂಥ ರಸ ಒಸರುತ್ತದೆ. ಆಗ ಡ್ರಮ್ಮುಗಟ್ಟಲೆ ಔಷಧಿ ಬುಡಕ್ಕೆ ಬೀಳುತ್ತದೆ. “ಹೊಯ್ಯದಿದ್ದರೆ ಹೋಗೋದು ಗ್ಯಾರಂಟಿ, ಹೊಯ್ದರೆ ಉಳಿದರೂ ಉಳೀಬಹುದು ಸಾರ್” ಎಂದರು ಮಡಿಯ ಬದಿ ನಿಂತಿದ್ದ ಬೆಳೆಗಾರರೊಬ್ಬರು.

ಝೀನ್ ಕಣವನ್ನು ಎಕರೆಗಟ್ಟಲೆ ಸುರಿಯುವುದು ಆಗದ ಮಾತು. ಶುದ್ಧ ಝೀನ್ ದುಬಾರಿ, ಆಲ್ಕೊಹಾಲಿಗೆ ಅಬಕಾರಿ ಕಟ್ಟಳೆ ಬೇರೆ. ಮಣ್ಣಿನ ಸೂಕ್ಷ್ಮಜೀವಿಗಳು ಪ್ರೋಟೀನನ್ನು ತಿಂದೂಬಿಡುತ್ತವೆ. ಉಳಿಕೆ ನಿಲ್ಲದಿರಲು ಅದು ಒಳ್ಳೆಯದು, ಕಣದ ಆಯುಷ್ಯಕ್ಕೆ ಕೆಟ್ಟದ್ದು. ಆದರೆ ಬಿತ್ತನೆಗೆ ಮುಂಚೆ ಶುಂಠಿ ಗೆಡ್ಡೆಯನ್ನು ಮ್ಯಾಂಕೊಜೆಬ್ ನೀರಿನಲ್ಲಿ ಅರ್ಧ ಗಂಟೆ ಅದ್ದಿ ನೆರಳಿನಲ್ಲಿ ಆರಿಸುವ ಪದ್ಧತಿ ಇದ್ದೇ ಇದೆಯಲ್ಲ, ಆ ತೊಟ್ಟಿ ಚಿಕ್ಕದು. ಅಲ್ಲಿ ದ್ರವ ಕಡಿಮೆ ಸಾಕು, ಕಣ ಗೆಡ್ಡೆಯ ಸಿಪ್ಪೆಗೇ ಅಂಟುತ್ತದೆ, ಹೊಲದ ನೀರಿಗೆ ಸೇರುವ ಭಾಗ ಅತ್ಯಲ್ಪ. ಹೊಗೆಸೊಪ್ಪಿನ ಟ್ರೇ ಸಸಿಗೂ ಇದೇ ಮಾತು ಸಲ್ಲುತ್ತದೆ. ನ್ಯಾನೋ ಕೃಷಿ ಉತ್ಪನ್ನಗಳ ಮೌಲ್ಯಮಾಪನಕ್ಕೆ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಎರೆಹುಳು, ಜೇನ್ನೊಣದ ಮೇಲಿನ ಪರಿಣಾಮವನ್ನೂ ಆ ತೊಟ್ಟಿಯ ಜೊತೆಗೇ ನೋಡಬಹುದು. ಒಂದೇ ಹೊಲದಲ್ಲಿ ಮೂರು ಮಡಿ ಸಾಕು: ಒಂದಕ್ಕೆ ಮ್ಯಾಂಕೊಜೆಬ್, ಒಂದಕ್ಕೆ ಯೂಜಿನಾಲ್ ತುಂಬಿದ ಝೀನ್, ಒಂದಕ್ಕೆ ಏನೂ ತುಂಬದ ಬರೀ ಝೀನ್. ಆ ಮೂರನೆಯದನ್ನು ಬಿಡಬಾರದು. ಫಲ ಬಂದರೆ ಅದು ಔಷಧಿಯದೋ, ಹೊತ್ತ ಪ್ರೋಟೀನಿನದೋ ಎಂದು ತಿಳಿಯುವುದು ಅದರಿಂದಲೇ.